ಉತ್ತರ ಹೇಳುವ ಆತುರ

ಬೇಸಿಗೆಯ ರಜೆ ಬಂದೊಡನೆ ನಮ್ಮ ಕಲಬುರಗಿ ಸೀಮೆಯ ಮನೆಮನೆಯಲ್ಲಿ ಒಂದೇ ದೂರು ಕೇಳಿಬರುತ್ತದೆ: ಮಕ್ಕಳು ಮೊಬೈಲು ಬಿಟ್ಟು ಏಳುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಮಧ್ಯಾಹ್ನದ ಬಿಸಿಲಿಗೆ ಹಿರಿಯರೇ ಹೊಸ್ತಿಲು ದಾಟರು. ಮಕ್ಕಳನ್ನು ಬಯಲಿಗೆ ಕಳುಹಿಸುವುದೆಂತು? ಆದುದರಿಂದ ತೆರೆಯ ಮೇಲಿನ ಆಟವನ್ನೇ ತೊರೆಯಿರೆಂದು ಉಪದೇಶಿಸಲು ನಾವು ಹೊರಟಿಲ್ಲ. ಆಟಗಳೆಲ್ಲವೂ ಒಂದೇ ಬಗೆಯವಲ್ಲ ಎಂಬುದನ್ನು ತಂದೆತಾಯಿಗಳು ಅರಿತುಕೊಳ್ಳಲಿ ಎಂಬುದಷ್ಟೇ ನಮ್ಮ ಬಿನ್ನಹ. ಗುಂಡು ಹಾರಿಸುವ ಆಟ ಒಂದು ಬಗೆ. ಹಣ ಕಟ್ಟಿ ಆಡುವುದು ಇನ್ನೊಂದು ಬಗೆ. ಅದನ್ನಂತೂ ಮನೆಯೊಳಗೆ ಬಿಟ್ಟುಕೊಳ್ಳಲೇಬಾರದು. ಇವೆರಡಕ್ಕೂ ಸೇರದ ಹಳೆಯ ಬಗೆಯೊಂದುಂಟು. ಈ ಸಲ ಅದರ ವಿಚಾರ.

ಇದನ್ನು ಬಲ್ಲವರು ‘ಪಾಯಿಂಟ್ ಅಂಡ್ ಕ್ಲಿಕ್’ ಸಾಹಸದ ಆಟವೆನ್ನುವರು. ಕಂಪ್ಯೂಟರಿನ ತೆರೆಯ ಮೇಲೆ ಒಂದು ಚಿತ್ರವಿರುತ್ತದೆ: ಹಡಗುಕಟ್ಟೆಯೋ, ಪಾಳುಬಿದ್ದ ಬಂಗಲೆಯೋ, ಗ್ರಂಥಾಲಯವೋ. ಅದರಲ್ಲಿ ಕಥಾನಾಯಕ ನಿಂತಿರುತ್ತಾನೆ. ಬಾಣದ ಗುರುತನ್ನು ಬಾಗಿಲ ಮೇಲಿರಿಸಿ ಮೌಸನ್ನು ಒತ್ತಿದರೆ ಆತ ಬಾಗಿಲ ಬಳಿಗೆ ನಡೆದು, ಬೀಗ ಬಿದ್ದಿದೆ ಎನ್ನುತ್ತಾನೆ. ಕೀಲಿಕೈ ಎಲ್ಲಿ? ಅಂಗಳದಲ್ಲಿ ಕುಳಿತ ಮುದುಕನನ್ನು ಮಾತನಾಡಿಸಬೇಕು. ಆತನಿಗೆ ಬೇಕಾದುದನ್ನು ತಂದುಕೊಡಬೇಕು. ಅದನ್ನು ತರಬೇಕಾದರೆ ಬೇರೊಂದು ಗಂಟನ್ನು ಬಿಡಿಸಬೇಕು. ಗಂಟು ಬಿಚ್ಚುವ ತನಕ ಕಥೆ ಮುಂದೆ ಸಾಗದು. ಬಹುಪಾಲು ಇಂಥ ಆಟಗಳಲ್ಲಿ ಗಡಿಯಾರದ ಅವಸರವಿಲ್ಲ. ಅರ್ಧ ದಿನ ಚಿತ್ರವನ್ನೇ ನೋಡುತ್ತ ಕುಳಿತರೂ ಆಟ ತಾಳ್ಮೆಯಿಂದ ಕಾದಿರುತ್ತದೆ.

ಇದರ ಬೇರನ್ನು ಹುಡುಕಿದರೆ ಒಬ್ಬ ತಂದೆ ಸಿಗುತ್ತಾನೆ. ಅಮೆರಿಕದ ವಿಲ್ ಕ್ರೌದರ್ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವನು. ಬಿಡುವಿನಲ್ಲಿ ಗುಹೆಗಳನ್ನು ಹೊಕ್ಕು ನಕ್ಷೆ ತಯಾರಿಸುವವನು. ವಿವಾಹ ವಿಚ್ಛೇದನದಿಂದ ಇಬ್ಬರು ಹೆಣ್ಣುಮಕ್ಕಳು ದೂರವಾದಾಗ, ಅವರ ಮನಸ್ಸಿಗೆ ಹತ್ತಿರವಾಗಲೆಂದು 1970ರ ದಶಕದ ನಡುಭಾಗದಲ್ಲಿ ಒಂದು ಆಟವನ್ನು ರಚಿಸಿದ. ತಾನು ಸುತ್ತಿದ ಕೆಂಟಕಿಯ ಮ್ಯಾಮತ್ ಗುಹೆಯೇ ಅದರ ರಂಗಸ್ಥಳ. ಅದರಲ್ಲಿ ಚಿತ್ರವೇ ಇರಲಿಲ್ಲ, ಎಲ್ಲವೂ ಮಾತು. 1977ರಲ್ಲಿ ಡಾನ್ ವುಡ್ಸ್ ಅದನ್ನು ಹಿಗ್ಗಿಸಿದ. 1984ರಲ್ಲಿ ರೋಬರ್ಟಾ ವಿಲಿಯಮ್ಸ್ ಎಂಬ ಮಹಿಳೆ ‘ಕಿಂಗ್ಸ್ ಕ್ವೆಸ್ಟ್’ ಆಟದಲ್ಲಿ ಕಥಾನಾಯಕನನ್ನು ಚಿತ್ರದೊಳಗೆ ನಡೆದಾಡಿಸಿದರು. ಪದಗಳನ್ನು ಬೆರಳಚ್ಚು ಮಾಡುವ ಬದಲು ತೋರಿಸಿ ಒತ್ತುವ ಪದ್ಧತಿ 1987ರ ‘ಮೇನಿಯಾಕ್ ಮ್ಯಾನ್ಷನ್’ ಆಟದಿಂದ ಜನಪ್ರಿಯವಾಯಿತು. 1993ರಲ್ಲಿ ಮಿಲ್ಲರ್ ಸಹೋದರರು ರಚಿಸಿದ ‘ಮಿಸ್ಟ್’ 60 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ನಿರ್ಜನವಾದ ಒಂದು ದ್ವೀಪದಲ್ಲಿ ಒಬ್ಬರೇ ಅಲೆಯುವ ಆಟ ಅಷ್ಟು ಮನೆಗಳನ್ನು ಸೇರಿದುದು ಸಣ್ಣ ಸಂಗತಿಯಲ್ಲ.

ನಮಗೆ ಇವುಗಳಲ್ಲಿ ಅತ್ಯಂತ ಪ್ರಿಯವಾದುದು ರಾನ್ ಗಿಲ್ಬರ್ಟ್ ಮತ್ತು ಸಂಗಡಿಗರ 1990ರ ‘ಮಂಕಿ ಐಲೆಂಡ್’. ಕಡಲ್ಗಳ್ಳನಾಗಬೇಕೆಂದು ಹೊರಟ ಪೆದ್ದು ಹುಡುಗನ ಕಥೆ ಅದು. ಅಲ್ಲಿ ಕತ್ತಿವರಸೆ ಗೆಲ್ಲುವುದು ತೋಳ್ಬಲದಿಂದಲ್ಲ, ಮಾತಿನಿಂದ. ಎದುರಾಳಿ ಒಂದು ಮೂದಲೆ ಎಸೆಯುತ್ತಾನೆ. ಅದಕ್ಕೆ ತಕ್ಕ ತಿರುಗುಮಾತು ಗೊತ್ತಿದ್ದರೆ ಆತ ಹಿಂದೆ ಸರಿಯುತ್ತಾನೆ, ಇಲ್ಲವಾದರೆ ನೀವು ಸೋಲುತ್ತೀರಿ. ಸೋತಾಗಲೇ ಹೊಸ ಮೂದಲೆ ಕಲಿಯುವುದು. ಜಾತ್ರೆಯ ರಾತ್ರಿ ಹರದೇಶಿ ನಾಗೇಶಿ ಮೇಳಗಳ ಸವಾಲು ಜವಾಬು ಕೇಳಿ ಬೆಳೆದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಗಟಿಗೆ ಕಥೆಯ ಉಡುಪು ತೊಡಿಸುವ ಈ ಜಾಣತನ ಪಶ್ಚಿಮದವರ ಸೊತ್ತೆಂದು ತಿಳಿಯಬೇಡಿ. ಕಾಗಿಣಾ ನದಿಯ ದಂಡೆಯಲ್ಲಿರುವ ಮಳಖೇಡ ಅಂದು ಮಾನ್ಯಖೇಟವಾಗಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಗ್ರಂಥದ ಆರಂಭದಲ್ಲಿಯೇ ದೊರೆಯ ಸ್ತುತಿಯುಂಟು. ‘ಕವಿರಾಜಮಾರ್ಗ’ದ ಹೆಸರು ಹೇಳಿ ಹೆಮ್ಮೆಪಡುವ ನಾವು ಅದೇ ಆಸ್ಥಾನದ ಈ ಸಂಸ್ಕೃತ ಗ್ರಂಥವನ್ನು ನೆನೆಯುವುದು ವಿರಳ. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಅದನ್ನು ಅಚ್ಚು ಹಾಕಿಸಿದರು. ಲೆಕ್ಕದ ಪುಸ್ತಕವೆಂದು ತೆರೆದರೆ ಒಳಗೆ ಕಾಡು, ಸಂತೆ, ದಾರಿಹೋಕರು, ಹರಿದ ಮುತ್ತಿನ ಹಾರ ಎಲ್ಲವೂ ಇವೆ.

ಒಂದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಮೂವರು ವರ್ತಕರು ನಡೆದು ಹೋಗುವಾಗ ದಾರಿಯಲ್ಲಿ ಹಣದ ಚೀಲವೊಂದು ಕಾಣಿಸಿತು. ಇದು ನನ್ನದಾದರೆ ನಿಮ್ಮಿಬ್ಬರ ಒಟ್ಟು ಹಣದ ಇಮ್ಮಡಿ ನನ್ನಲ್ಲಿರುತ್ತದೆ ಎಂದನು ಮೊದಲನೆಯವನು. ನನ್ನದಾದರೆ ಮುಮ್ಮಡಿ ಎಂದನು ಎರಡನೆಯವನು. ಮೂರನೆಯವನು ಐದು ಮಡಿ ಎಂದನು. ಚೀಲದಲ್ಲಿ ಎಷ್ಟಿತ್ತು, ಯಾರ ಬಳಿ ಎಷ್ಟಿತ್ತು? ಉತ್ತರದ ಅತಿ ಚಿಕ್ಕ ಸಂಖ್ಯೆಗಳು ಹೀಗಿವೆ: ಮೂವರ ಕೈಯಲ್ಲಿ ಅನುಕ್ರಮವಾಗಿ 1, 3, 5, ಚೀಲದಲ್ಲಿ 15. ಅಂದಮೇಲೆ ಎಲ್ಲರಿಗಿಂತ ಮುಂದಾಗಿ ಬಾಯಿ ತೆರೆದವನ ಬಳಿ ಇದ್ದುದು ಒಂದೇ ನಾಣ್ಯ! ಚೀಲ ಕೊನೆಗೆ ಯಾರ ಪಾಲಾಯಿತೆಂಬುದನ್ನು ಲೆಕ್ಕ ಕೇಳುವುದಿಲ್ಲ. ಓದಿದವರ ಮನಸ್ಸು ಕೇಳದೆ ಬಿಡುವುದಿಲ್ಲ. ಇದೇ ಲೆಕ್ಕವನ್ನು ಬರಿಯ ಸಮೀಕರಣವಾಗಿ ಹಲಗೆಯ ಮೇಲೆ ಬರೆದಿದ್ದರೆ ಎಷ್ಟು ಮಕ್ಕಳು ತಲೆಯೆತ್ತಿ ನೋಡುತ್ತಿದ್ದರು? ಮುಂದೇನಾಯಿತೆಂಬ ಹಸಿವನ್ನು ಕಥೆ ಹುಟ್ಟಿಸುತ್ತದೆ. ಆ ಹಸಿವೇ ಬುದ್ಧಿಯನ್ನು ಎಬ್ಬಿಸುತ್ತದೆ. ಹಳೆಯ ಸಾಹಸದಾಟಗಳ ಸೆಳೆತದ ಗುಟ್ಟೂ ಇದೇ ಎಂದು ನಮ್ಮ ನಂಬಿಕೆ.

ಹಾಗೆಂದು ಎಲ್ಲ ಆಟಗಳನ್ನೂ ಹೊಗಳಲಾಗದು. 1999ರ ‘ಗೇಬ್ರಿಯಲ್ ನೈಟ್’ ಮೂರನೆಯ ಭಾಗದಲ್ಲಿ ನಾಯಕ ಬೆಕ್ಕಿನ ಕೂದಲನ್ನು ಸಿಹಿ ಪಾಕದಿಂದ ಅಂಟಿಸಿ ಸುಳ್ಳು ಮೀಸೆ ಮಾಡಿಕೊಂಡು ತನ್ನ ಗೆಳೆಯನ ವೇಷ ಧರಿಸಬೇಕು. ಆದರೆ ಆ ಗೆಳೆಯನಿಗೆ ಮೀಸೆಯೇ ಇಲ್ಲ. ಗುರುತುಚೀಟಿಯ ಭಾವಚಿತ್ರಕ್ಕೂ ಮೀಸೆ ಬರೆಯಬೇಕು! ಇದು ಕಠಿಣವಲ್ಲ, ಅನ್ಯಾಯ. ಉತ್ತರ ತಿಳಿದ ಮೇಲೆ, ಛೇ, ಇದು ಕಣ್ಣೆದುರೇ ಇತ್ತಲ್ಲ ಎನ್ನಿಸಬೇಕು. ಅಲ್ಲಮಪ್ರಭುದೇವರ ಬೆಡಗಿನ ವಚನಗಳನ್ನು ಹಿರಿಯರಿಂದ ಕೇಳಿದವರು ಈ ಭೇದವನ್ನು ಬಲ್ಲರು. ಅಲ್ಲಿ ಅರ್ಥ ಮರೆಯಾಗಿರುತ್ತದೆ, ಇಲ್ಲದಿರುವುದಿಲ್ಲ. ಇನ್ನು ವಯಸ್ಕರ ಅಶ್ಲೀಲ ಹಾಸ್ಯಕ್ಕೇ ಮೀಸಲಾದ ಕೆಲವು ಆಟಗಳೂ ಇವೆಯಾದ್ದರಿಂದ ಮಕ್ಕಳ ಕೈಗೆ ಕೊಡುವ ಮುನ್ನ ಹಿರಿಯರು ನೋಡುವುದು ಒಳಿತು.

ಈಗ ಮುಖ್ಯವಾದ ಮಾತಿಗೆ ಬರುತ್ತೇವೆ. ಆ ಕಾಲದಲ್ಲಿ ಗಂಟು ಬಿಚ್ಚಲಾಗದೆ ಸಿಕ್ಕಿಕೊಂಡವರಿಗಾಗಿ ಸುಳಿವಿನ ಪುಸ್ತಕಗಳಿದ್ದವು. ಸಿಯೆರಾ ಸಂಸ್ಥೆ ಉತ್ತರಗಳನ್ನು ಕಾಣದ ಶಾಯಿಯಲ್ಲಿ ಅಚ್ಚು ಮಾಡುತ್ತಿತ್ತು. ವಿಶೇಷ ಪೆನ್ನಿನಿಂದ ಉಜ್ಜಿದರೆ ಮಾತ್ರ ಅಕ್ಷರ ಮೂಡುತ್ತಿತ್ತು. ಬೇಕಾದ ಒಂದು ಸಾಲನ್ನಷ್ಟೇ ಉಜ್ಜಿ, ಉಳಿದುದನ್ನು ಹಾಗೆಯೇ ಬಿಡಬಹುದಿತ್ತು. ಎಂತಹ ಸಂಯಮದ ಏರ್ಪಾಡು! ಇಂದು ಬೆರಳ ತುದಿಯಲ್ಲಿ ಪೂರ್ತಿ ಉತ್ತರ ದೊರೆಯುತ್ತದೆ. ಮಗು ಒಂದು ನಿಮಿಷ ತಡೆದರೆ ಸಾಕು, ಯಂತ್ರವೇ ಹೇಳಿಬಿಡುತ್ತದೆ. ಯಂತ್ರವನ್ನು ದೂರುವ ನಾವು ಮನೆಯಲ್ಲಿ ಮಾಡುವುದಾದರೂ ಏನು? ಮಗು ಯೋಚಿಸುತ್ತ ಕುಳಿತರೆ ಪಕ್ಕದಲ್ಲಿ ನಿಂತ ತಂದೆಗೆ ತಡೆಯದು, ಅಷ್ಟೂ ಗೊತ್ತಾಗುವುದಿಲ್ಲವೇ ಎಂದು ಉತ್ತರವನ್ನು ಬಾಯಿಬಿಟ್ಟು ಹೇಳುತ್ತಾನೆ. ನಮ್ಮ ಅಜ್ಜಿಯರು ಹಾಗೆ ಮಾಡುತ್ತಿರಲಿಲ್ಲ. ಒಗಟು ಬಿಡಿಸಲಾರದವನು ಒಂದು ಊರನ್ನು ಕೊಟ್ಟಲ್ಲದೆ ಉತ್ತರ ಕೇಳುವಂತಿಲ್ಲವೆಂಬ ಕಟ್ಟು ಕೆಲವು ಮನೆಗಳಲ್ಲಿತ್ತು. ಸೋಲನ್ನು ಒಪ್ಪಿ ಊರು ಕೊಡುವುದಕ್ಕೆ ನಾಚಿ ಮಕ್ಕಳು ರಾತ್ರಿಯೆಲ್ಲ ಯೋಚಿಸುತ್ತಿದ್ದರು.

1990ರ ದಶಕದ ಕೊನೆಗೆ ಈ ಆಟಗಳ ಮಾರುಕಟ್ಟೆ ಕುಸಿಯಿತು. ಆದರೂ ಅಭಿಮಾನಿಗಳು ಕೈಬಿಡಲಿಲ್ಲ. ಹಳೆಯ ಆಟಗಳು ಹೊಸ ಯಂತ್ರಗಳಲ್ಲಿಯೂ ನಡೆಯಲೆಂದು 2001ರಲ್ಲಿ ‘ಸ್ಕಮ್ ವಿಎಂ’ ಎಂಬ ಉಚಿತ ತಂತ್ರಾಂಶ ಸಿದ್ಧವಾಯಿತು. 2012ರಲ್ಲಿ ಟಿಮ್ ಶೇಫರ್ ಎಂಬವರು ಹೊಸದೊಂದು ಆಟಕ್ಕಾಗಿ 4 ಲಕ್ಷ ಡಾಲರ್ ಬೇಡಿದಾಗ, 87 ಸಾವಿರಕ್ಕೂ ಮಿಕ್ಕ ಜನ ಸೇರಿ 33 ಲಕ್ಷ ಡಾಲರ್ ನೀಡಿದರು. ಗಿಲ್ಬರ್ಟ್ 2022ರಲ್ಲಿ ಮಂಕಿ ಐಲೆಂಡಿಗೆ ಮರಳಿದಾಗ ಸುಳಿವಿನ ಪುಸ್ತಕವನ್ನು ಆಟದೊಳಗೇ ಇರಿಸಿದರು. ಅದು ಒಮ್ಮೆಲೇ ಉತ್ತರ ಹೇಳದೆ ಹಂತಹಂತವಾಗಿ ದಾರಿ ತೋರುತ್ತದೆ.

ಭಾಷೆಯ ತೊಡಕುಂಟಲ್ಲ ಎಂದು ಕೆಲವರು ಕೇಳಬಹುದು. ನಿಜ, ಈ ಆಟಗಳ ಮೂಲ ಮಾತು ಇಂಗ್ಲಿಷ್. ಆದರೆ ಇದನ್ನು ನಾವು ಅನುಕೂಲವೆಂದೇ ಎಣಿಸುತ್ತೇವೆ. ಓದಿ ಕನ್ನಡದಲ್ಲಿ ಹೇಳಲು ಅಕ್ಕನೋ ಚಿಕ್ಕಪ್ಪನೋ ಪಕ್ಕದಲ್ಲಿ ಕೂಡಬೇಕಾಗುತ್ತದೆ. ಒಂದು ತೆರೆಯ ಮುಂದೆ ಇಬ್ಬರು ಮೂವರು ಸೇರುತ್ತಾರೆ. ಕಂಪ್ಯೂಟರಿಲ್ಲದ ಮನೆಯವರೂ ಚಿಂತಿಸಬೇಕಾಗಿಲ್ಲ. ಕ್ರೌದರನಿಗೆ ಗುಹೆಯಿದ್ದಂತೆ ನಮಗೆ ಮಳಖೇಡದ ಕೋಟೆಯಿದೆ. ಸಂಜೆಯ ತಂಪಿನಲ್ಲಿ ಮಕ್ಕಳಿಗೆ ಅದನ್ನು ತೋರಿಸಿ, ಮನೆಗೆ ಬಂದು ಹಾಳೆಯ ಮೇಲೆ ಬಾಗಿಲು, ಬುರುಜು, ನದಿಯ ದಾರಿ ಬರೆದು, ಬೀಗದ ಕೀಲಿಕೈಯನ್ನು ಕಥೆಯಲ್ಲಿ ಎಲ್ಲಿಯಾದರೂ ಬಚ್ಚಿಡಬಹುದು.

ಮೊದಲಿಗೆ ಮಹಾವೀರಾಚಾರ್ಯರದೇ ಇನ್ನೊಂದು ಲೆಕ್ಕವನ್ನು ಕೊಡುತ್ತೇವೆ. ಮನೆಯ ಹಿರಿಯರು ಉತ್ತರ ಕಂಡುಕೊಂಡರೂ ನಾಲ್ಕು ದಿನ ಬಾಯಿ ಬಿಡಬಾರದೆಂಬುದು ಕರಾರು. ಮರಗಳು ತುಂಬಿದ ತಂಪಾದ ಕಾಡಿನ ಅಂಚಿಗೆ 23 ಜನ ದಾರಿಹೋಕರು ದಣಿದು ಬಂದರು. ಅಲ್ಲಿ ಬಾಳೆಹಣ್ಣಿನ 63 ರಾಶಿಗಳಿದ್ದವು. ಎಲ್ಲ ರಾಶಿಗಳಲ್ಲಿಯೂ ಹಣ್ಣುಗಳ ಸಂಖ್ಯೆ ಸಮ. ಅವನ್ನೆಲ್ಲ ಒಟ್ಟುಗೂಡಿಸಿ, ಬಿಡಿಯಾಗಿದ್ದ 7 ಹಣ್ಣುಗಳನ್ನೂ ಸೇರಿಸಿ ಹಂಚಿಕೊಂಡಾಗ, ಒಂದೂ ಉಳಿಯದೆ 23 ಜನರಿಗೂ ಸಮಪಾಲು ದೊರೆಯಿತು. ಒಂದೊಂದು ರಾಶಿಯಲ್ಲಿ ಕನಿಷ್ಠ ಎಷ್ಟು ಹಣ್ಣುಗಳಿದ್ದವು?