ನೀರಿಗೆ ಕ್ಷಮೆ, ನೀರಿಗೇ ಕಸ

ಹೊಳೆಯ ನೀರಿನಲ್ಲಿ ದೀಪ ತೇಲಿಬಿಡುವ ಸಂಪ್ರದಾಯ ಭಾರತಕ್ಕಷ್ಟೇ ಸೀಮಿತವಲ್ಲ. ಥಾಯ್ಲೆಂಡಿನ ಜನರು ತಮ್ಮ ಚಾಂದ್ರಮಾನದ ಹನ್ನೆರಡನೆಯ ತಿಂಗಳ ಹುಣ್ಣಿಮೆಯಂದು, ಸಾಮಾನ್ಯವಾಗಿ ನವೆಂಬರಿನಲ್ಲಿ, 'ಲೋಯ್ ಕ್ರಾಥೊಂಗ್' ಹಬ್ಬವನ್ನು ಆಚರಿಸುತ್ತಾರೆ. ಲೋಯ್ ಎಂದರೆ ತೇಲಿಸುವುದು; ಕ್ರಾಥೊಂಗ್ ಎಂದರೆ ಎಲೆಯ ದೊನ್ನೆ.

ಬಾಳೆದಿಂಡಿನ ಒಂದು ಬಿಲ್ಲೆ. ಅದರ ಸುತ್ತ ತಾವರೆಯ ದಳಗಳಂತೆ ಮಡಚಿ ಚುಚ್ಚಿದ ಬಾಳೆಯೆಲೆ. ಮೇಲೆ ಹೂವು, ಮೇಣದಬತ್ತಿ, ಊದುಬತ್ತಿ. ಕೆಲವರು ನಾಣ್ಯವನ್ನಿಡುತ್ತಾರೆ, ಕೆಲವರು ವರ್ಷದ ಕೇಡು ತೊಲಗಲೆಂದು ಉಗುರು, ಕೂದಲಿನ ತುಣುಕನ್ನಿಡುತ್ತಾರೆ. ದೊನ್ನೆಯನ್ನು ಹಣೆಗೊತ್ತಿ ನೀರಿಗೆ ಬಿಡುವಾಗ ಬೇಡುವುದು ಜಲದೇವತೆ 'ಫ್ರ ಮೇ ಖೋಂಗ್ಖಾ'ಳ ಕ್ಷಮೆಯನ್ನು. ನೀರನ್ನು ಬಳಸಿದುದಕ್ಕೆ, ಹೊಲಸು ಮಾಡಿದುದಕ್ಕೆ ಆ ಕ್ಷಮೆ. ಖೋಂಗ್ಖಾ ಬೇರಾರೂ ಅಲ್ಲ, ನಮ್ಮ ಗಂಗೆಯೇ. ನರ್ಮದಾ ತೀರದಲ್ಲಿದೆಯೆಂದು ನಂಬಲಾದ ಬುದ್ಧನ ಪಾದಮುದ್ರೆಗೆ ಇದು ವಂದನೆಯೆನ್ನುವವರೂ ಅಲ್ಲಿದ್ದಾರೆ.

ಈ ಹಬ್ಬ ಹದಿಮೂರನೆಯ ಶತಮಾನದ ಸುಖೋಥೈ ರಾಜಧಾನಿಯಲ್ಲಿ ಹುಟ್ಟಿತು, ಮೊದಲ ದೊನ್ನೆಯನ್ನು ನಾಂಗ್ ನೊಪ್ಪಮಾಸ್ ಎಂಬ ಅರಮನೆಯ ಹೆಣ್ಣು ರಚಿಸಿದಳು ಎಂಬುದು ಜನಪ್ರಿಯ ಕಥೆ. ಆದರೆ ಆಕೆಯ ಹೆಸರಿನಲ್ಲಿರುವ ಗ್ರಂಥದಲ್ಲಿ ಅಮೆರಿಕದವರ ಪ್ರಸ್ತಾಪವಿದೆ! ಅದು ಹತ್ತೊಂಬತ್ತನೆಯ ಶತಮಾನದ ರಚನೆಯೆಂಬುದು ವಿದ್ವಾಂಸರ ಅಭಿಪ್ರಾಯ. 1292ರದೆನ್ನುವ ರಾಮ್‌ಖಮ್ಹೆಂಗ್ ಶಾಸನದಲ್ಲಿ ದೀಪ ಉರಿಸುವ ಉತ್ಸವದ ಮಾತಿದೆಯೇ ಹೊರತು ದೊನ್ನೆ ತೇಲಿಸುವ ಮಾತಿಲ್ಲ.

ಇದರಿಂದ ಹಬ್ಬದ ಬೆಲೆ ಕುಂದಿತೇ? ಇಲ್ಲವೆಂದೇ ನಮ್ಮ ಉತ್ತರ. ಒಂದು ಆಚರಣೆಯ ಘನತೆ ಅದರ ವಯಸ್ಸಿನಲ್ಲಿಲ್ಲ, ಅದರ ಅರ್ಥದಲ್ಲಿದೆ. ಆ ಅರ್ಥಕ್ಕೇ ಧಕ್ಕೆ ಬಂದಾಗ ಮಾತ್ರ ನಾವು ಚಿಂತಿಸಬೇಕು.

ಧಕ್ಕೆ ಬಂದುದು ಬಾಳೆದಿಂಡಿನ ಜಾಗಕ್ಕೆ ಫೋಮ್ ಬಂದಾಗ. ಕ್ಷಮೆ ಕೇಳುವ ಕೈಯೇ ಮತ್ತೆ ನೀರನ್ನು ಕೆಡಿಸತೊಡಗಿತು. ಬ್ಯಾಂಕಾಕ್ ನಗರಾಡಳಿತ ಪ್ರತಿವರ್ಷವೂ ಹಬ್ಬದ ದೊನ್ನೆಗಳನ್ನು ನೀರಿನಿಂದೆತ್ತಿ ಎಣಿಸುತ್ತದೆ. 2023ರಲ್ಲಿ ಎತ್ತಿದವು ಸುಮಾರು 6 ಲಕ್ಷ 40 ಸಾವಿರ. ಅವುಗಳಲ್ಲಿ ಫೋಮಿನವು ಸುಮಾರು 21 ಸಾವಿರ ಮಾತ್ರ. ಪ್ರಚಾರದಿಂದ ಜನ ಎಲೆಗೆ ಮರಳಿದ್ದಾರೆಂಬುದು ಸಂತೋಷದ ಸಂಗತಿ. ಆದರೆ ನೈಸರ್ಗಿಕವೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ. ಮೀನಿಗೆ ಆಹಾರವಾಗಲೆಂದು ಬಿಡುವ ಬ್ರೆಡ್ಡಿನ ದೊನ್ನೆಗಳು ಮಿತಿಮೀರಿದರೆ ಹರಿವಿಲ್ಲದ ಕೆರೆಗಳಲ್ಲಿ ಕೊಳೆತು, ನೀರಿನ ಆಮ್ಲಜನಕವನ್ನು ಕುಂದಿಸಿ ಮೀನುಗಳಿಗೇ ಕುತ್ತಾಗುತ್ತವೆ. ಆದ್ದರಿಂದಲೇ ಅಲ್ಲೀಗ ಮನೆಗೊಂದೇ ದೊನ್ನೆ ಸಾಕೆಂಬ ಸಲಹೆ ಕೇಳಿಬರುತ್ತಿದೆ.

ಪಯಸ್ವಿನಿ, ಚಂದ್ರಗಿರಿಗಳ ದಡದಲ್ಲಿರುವ ನಮಗೂ ಇದರಲ್ಲಿ ಪಾಠವಿದೆ. ಗಂಗೆಯ ಹೆಸರನ್ನು ಸಮುದ್ರದಾಚೆಯವರು ನಮ್ಮಿಂದ ಪಡೆದರೆಂದು ಹೆಮ್ಮೆಪಡುವುದು ಸುಲಭ. ಹಬ್ಬ ಮುಗಿದ ಮರುದಿನ ನೀರಿಗಿಳಿದು ಕಸವನ್ನೆತ್ತಿ, ಎಣಿಸಿ, ಲೆಕ್ಕವನ್ನು ಊರಿನ ಮುಂದಿಡುವ ಅವರ ರೂಢಿಯನ್ನು ನಾವು ಅವರಿಂದ ಪಡೆಯಬಾರದೇಕೆ? ಉತ್ಸವ ಸಮಿತಿಗಳೂ ಪಂಚಾಯತುಗಳೂ ಶಾಲೆಗಳೂ ಒಟ್ಟಾಗಿ ವಿಸರ್ಜನೆಯ ಮರುದಿನ ಇದನ್ನು ಆರಂಭಿಸಬಹುದು. ಅದಕ್ಕೆ ಹೆಚ್ಚಿನ ಹಣ ಬೇಡ. ನೀರನ್ನು ತಾಯಿಯೆಂದು ಕರೆದ ಮಾತಿಗೆ ತಕ್ಕ ನಡೆ ಸಾಕು.