ಎರಡನೇ ಸ್ಕ್ರೀನ್ ಯಾರಿಗೆ?

ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದವರ ಮೇಜಿನ ಮೇಲೆ ಈಗ ಎರಡೆರಡು ಮಾನಿಟರ್. ಹೊಸ ಶೋಕಿ ಅನ್ಕೋಬೇಡಿ. ಎರಡು ದಶಕಗಳ ಹಿಂದೆಯೇ ‘ಭೂಮಿ’ ಯೋಜನೆ ಇದನ್ನು ಯೋಚಿಸಿತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದಂತೆ ರಾಜ್ಯದ ತಾಲ್ಲೂಕುಗಳಿಗೆಲ್ಲ ಕಂಪ್ಯೂಟರ್ ಪಹಣಿ ಬಂದಾಗ, ಶುಲ್ಕ 15 ರೂಪಾಯಿ. ಕಿಯಾಸ್ಕ್‌ನಲ್ಲಿ ಒಂದು ಸ್ಕ್ರೀನ್ ಆಪರೇಟರ್‌ಗೆ, ಇನ್ನೊಂದು ರೈತನ ಕಡೆಗೆ ತಿರುಗಿಸಿ ಇಡಬೇಕು ಅನ್ನೋದು ಯೋಜನೆಯ ಲೆಕ್ಕಾಚಾರ.

ರೈತನಿಗೆ ಮೆನು ಯಾಕೆ? ಬೇಕಾದ್ದು ತನ್ನ ಹೆಸರು, ಸರ್ವೆ ನಂಬರ್, ಎಕರೆ–ಗುಂಟೆ. ಒಂದಕ್ಷರ ತಪ್ಪಿದ್ರೂ ಬ್ಯಾಂಕ್ ಸಾಲಕ್ಕೆ ತಕರಾರು. ಕಣ್ಣೆದುರೇ ಕಂಡರೆ ಅಲ್ಲೇ ಕೇಳಬಹುದು.

ಸೂತ್ರ ಇಷ್ಟೇ: ಮೆನು ಕೆಲಸ ಮಾಡೋರ ಕಡೆ, ವಿಷಯ ನೋಡೋರ ಕಡೆ. ಗಿರಾಕಿಗೆ ಸ್ಕ್ರೀನ್ ತೋರಿಸೋ ಅಂಗಡಿಯವರು ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿ. ‘ಡೂಪ್ಲಿಕೇಟ್’ ಆದ್ರೆ ನಿಮ್ಮ ವಾಟ್ಸ್‌ಆ್ಯಪ್ ಕೂಡ ಅವರಿಗೆ ಕಾಣುತ್ತೆ!

ಎರಡೂ ಸ್ಕ್ರೀನ್ ನಿಮಗೇ ಆದ್ರೆ, ಕಿಟಕಿ ಎಲ್ಲಿದೆಯೋ ಮೆನು ಅಲ್ಲೇ ಇರಬೇಕು. ಮ್ಯಾಕ್‌ನಲ್ಲಿ 2013ರ ಮ್ಯಾವೆರಿಕ್ಸ್‌ವರೆಗೆ ಮೆನು ಪಟ್ಟಿ ಒಂದೇ ಸ್ಕ್ರೀನಿನಲ್ಲಿತ್ತು. ಪ್ರತಿ ಸಲ ಮೌಸ್ ಅಲ್ಲಿಗೇ ಓಡಬೇಕಿತ್ತು. ಈಗ ‘ಡಿಸ್‌ಪ್ಲೇಸ್ ಹ್ಯಾವ್ ಸೆಪರೇಟ್ ಸ್ಪೇಸಸ್’ ಆನ್ ಇದ್ರೆ ಎರಡರಲ್ಲೂ ಬರುತ್ತೆ. ವಿಂಡೋಸ್ 11ರಲ್ಲಿ ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ಗೆ ಹೋಗಿ, ಎಲ್ಲ ಡಿಸ್‌ಪ್ಲೇಗಳಲ್ಲೂ ತೋರಿಸುವ ಆಯ್ಕೆಗೆ ಟಿಕ್ ಹಾಕಿ.

ಇನ್ನೊಂದು ಮಾತು: ಹೆಚ್ಚು ನೋಡೋ ಸ್ಕ್ರೀನನ್ನು ನೇರ ಎದುರಿಗೇ ಇಡಿ. ಕತ್ತು ಉಳಿಯುತ್ತೆ.