ಪ್ರಜ್ಞಾಚಕ್ಷು ಎಂಬ ಹೆಸರು

ಕಣ್ಣಿಲ್ಲದವರನ್ನು ನಮ್ಮ ಪೂರ್ವಿಕರು ಪ್ರಜ್ಞಾಚಕ್ಷುಗಳೆಂದು ಕರೆದರು. ಪ್ರಜ್ಞೆಯೇ ಯಾರಿಗೆ ಕಣ್ಣೋ ಅವರು ಎಂದು ಈ ಬಹುವ್ರೀಹಿಯ ವಿಗ್ರಹ. ಹೆಸರೇನೋ ಸೊಗಸಾಗಿದೆ, ಆದರೆ ಪ್ರಜ್ಞೆಯು ಕಣ್ಣಿನ ಕೆಲಸವನ್ನು ಮಾಡಬೇಕಾದರೆ ಅದಕ್ಕೆ ವಿದ್ಯೆಯೆಂಬ ಅಂಜನವು ಬೇಡವೆ? ಹೆಸರನ್ನಿತ್ತು ಅಕ್ಷರವನ್ನು ಕೊಡದಿದ್ದರೆ ಅದು ಬರಿಯ ಉಪಚಾರದ ಮಾತಾಗುವುದು. ವಾಚಕ ಮಹಾಶಯರು ಈ ತಿಂಗಳು ಈ ವಿಷಯವನ್ನು ಕೊಂಚ ಆಲೋಚಿಸಬೇಕೆಂದು ಬಿನ್ನವಿಸುತ್ತೇವೆ.

ಮೊದಲು ಕಣ್ಣಿನ ರಚನೆಯನ್ನು ತಿಳಿಯೋಣ. ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ತಿಳಿಯಾದ ಕಾರ್ನಿಯ ಎಂಬ ಪಟಲವಿದೆ. ಅದರ ಹಿಂದೆ ಬಣ್ಣದ ಪರದೆ. ಪರದೆಯ ನಡುವಣ ರಂಧ್ರವೇ ಪಾಪೆ. ಪಾಪೆಯ ಹಿಂದಿರುವ ಮಸೂರವನ್ನು ಹಾದು ಬಂದ ಬೆಳಕು ಹಿಂಭಾಗದ ಅಕ್ಷಿಪಟಲದ ಮೇಲೆ ಬೀಳುವುದು. ಅಲ್ಲಿಂದ ದೃಷ್ಟಿನರದ ಮೂಲಕ ಸುದ್ದಿಯು ಮಿದುಳನ್ನು ಮುಟ್ಟುವುದು. ಕೆಟ್ಟಿರುವುದು ಯಾವ ಭಾಗವೆಂಬುದನ್ನು ಅನುಸರಿಸಿ ಚಿಕಿತ್ಸೆ. ಮಸೂರವು ಮಬ್ಬಾದರೆ ಅದನ್ನೇ ಪೊರೆಯೆನ್ನುವರು. ಅದನ್ನು ತೆಗೆದು ಕೃತಕ ಮಸೂರವನ್ನಿಟ್ಟರೆ ಮುದುಕರಿಗೂ ದೃಷ್ಟಿ ಮರಳುವುದುಂಟು. ಕಾರ್ನಿಯವು ಬೆಳ್ಳಗಾಗಿ ಕೆಟ್ಟರೆ ಮೃತರ ನೇತ್ರದಾನದಿಂದ ಬಂದುದನ್ನು ಅಲ್ಲಿ ಕಸಿಮಾಡುವರು. ದೃಷ್ಟಿನರವು ಸೊರಗಿದಲ್ಲಿಯಾದರೋ ಹೋದ ದೃಷ್ಟಿಯು ಹಿಂದಿರುಗದು. ಆದಕಾರಣ ವೈದ್ಯರಿಗೆ ತೋರಿಸದೆಯೇ ಹಣೆಬರಹವೆಂದು ಸುಮ್ಮನಿರುವುದು ತಪ್ಪು. ವೈದ್ಯರು ಆಗದೆಂದ ಬಳಿಕ ಊರೂರು ಅಲೆದು ಮಗುವಿನ ಓದುವ ವಯಸ್ಸನ್ನು ಕಳೆಯುವುದೂ ತಪ್ಪೇ.

ಶ್ರೀನಿವಾಸಪುರದ ಕಡೆಯ ಹಳ್ಳಿಯೊಂದರಲ್ಲಿ ಮಾವಿನ ತೋಟದವರ ಮನೆಗೆ ನಾವು ಹೋಗಿದ್ದೆವು. ಹುಟ್ಟಿನಿಂದ ಕಣ್ಣಿಲ್ಲದ ಹತ್ತು ವರ್ಷದ ಹುಡುಗನು ಒಳಕೋಣೆಯಲ್ಲಿದ್ದನು. ಅಣ್ಣನು ಪಡಸಾಲೆಯಲ್ಲಿ ಒಪ್ಪಿಸುತ್ತಿದ್ದುದನ್ನು ಕೇಳಿಯೇ ಅವನು ಇಪ್ಪತ್ತರವರೆಗೆ ಮಗ್ಗಿಯನ್ನು ಕಲಿತಿದ್ದನು. ಶಾಲೆಗೆ ಕಳುಹಿಸಿರೆಂದುದಕ್ಕೆ ಅಜ್ಜಿಯು, “ಕಣ್ಣಿಲ್ಲದ ಕೂಸಿಗೆ ಓದ್ಯಾಕೆ ಮೇಷ್ಟ್ರೇ? ನಾವಿರೋವರ್ಗೂ ಕೂರಿಸಿ ಅನ್ನ ಹಾಕ್ತೀವಿ” ಎಂದರು. ಆ ಮಾತಿನಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಆದರೆ ‘ನಾವಿರುವವರೆಗೆ’ ಎಂಬಲ್ಲಿಯೇ ಇರುವುದು ತೊಡಕು. ಅವರ ತರುವಾಯ ಆ ಹುಡುಗನ ಗತಿಯೇನು?

ಅಂಥವರಿಗಾಗಿಯೇ ಬೆರಳಿನಿಂದ ಓದುವ ಲಿಪಿಯಿದೆ. ಮೂರನೆಯ ವಯಸ್ಸಿನಲ್ಲಿ ತಂದೆಯ ಚರ್ಮದ ಕೆಲಸದ ಹತಾರ ತಗಲಿ ದೃಷ್ಟಿಯನ್ನು ಕಳೆದುಕೊಂಡ ಫ್ರಾನ್ಸಿನ ಲೂಯಿ ಬ್ರೈಲನು ೧೮೨೯ರಲ್ಲಿ ಇದನ್ನು ಪ್ರಕಟಿಸಿದನು. ಎಡಕ್ಕೆ ಮೂರು, ಬಲಕ್ಕೆ ಮೂರು, ಒಟ್ಟು ಆರು ಉಬ್ಬುಚುಕ್ಕೆಗಳು. ಇವುಗಳಿಂದ ೬೩ ಗುರುತುಗಳಾಗುವುವು. ೧೯೫೧ರಲ್ಲಿ ನಮ್ಮ ದೇಶಭಾಷೆಗಳಿಗೆ ಭಾರತಿ ಬ್ರೈಲ್ ಎಂಬ ಏಕರೀತಿಯ ಕ್ರಮವೇರ್ಪಟ್ಟಿತು. ಎಡಸಾಲಿನ ಮೇಲಿನದೂ ಕೆಳಗಿನದೂ ಉಬ್ಬಿದರೆ ‘ಕ’. ಅದಕ್ಕೆ ಬಲಸಾಲಿನ ಮೇಲಿನದು ಸೇರಿದರೆ ‘ಮ’. ಎಡಸಾಲಿನ ಮೂರೂ ಉಬ್ಬಿದರೆ ‘ಲ’. ಮೂರು ಗುರುತುಗಳಲ್ಲಿ ‘ಕಮಲ’ವಾಯಿತು. ‘ಕಿ’ ಎಂದು ಬರೆಯಬೇಕಾದರೆ ‘ಕ’ದ ಮುಂದೆ ‘ಇ’ಯನ್ನಿಟ್ಟರಾಯಿತು. ಮನೆಯಲ್ಲಿ ತೆಲುಗನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುವ ಮುಳಬಾಗಿಲು, ಶ್ರೀನಿವಾಸಪುರದ ಮಕ್ಕಳಿಗೆ ಇನ್ನೊಂದು ಸೌಕರ್ಯವುಂಟು: ಎರಡು ಭಾಷೆಗಳ ಕಕಾರಕ್ಕೂ ಗುರುತು ಒಂದೇ; ನಾಗರಿಯ ಕಕಾರಕ್ಕೂ ಅದೇ.

ಅಕ್ಷರವು ಬೆರಳಿಗಾದರೆ ದಾರಿಯು ಬಿಳಿಯ ಕೋಲಿಗೆ. ಅದನ್ನು ಊರಿ ನಡೆಯುವುದಲ್ಲ. ಎದೆಯ ಎತ್ತರದ ಹಗುರವಾದ ಕೋಲಿನ ತುದಿಯನ್ನು ನೆಲದ ಮೇಲೆ ಎಡಬಲಕ್ಕೆ ಆಡಿಸುತ್ತ, ಎಡಗಾಲಿಡುವಾಗ ಬಲಕ್ಕೂ ಬಲಗಾಲಿಡುವಾಗ ಎಡಕ್ಕೂ ಮುಟ್ಟಿಸಿ, ಮುಂದಿನ ಹೆಜ್ಜೆಯ ಸ್ಥಳವನ್ನು ಮೊದಲೇ ಪರೀಕ್ಷಿಸುವುದು. ಕೋಲಾರದ ಬಸ್ ನಿಲ್ದಾಣದಲ್ಲಾಗಲಿ ಮಾಲೂರಿನ ಪೇಟೆಯಲ್ಲಾಗಲಿ ಇಂಥವರನ್ನು ಕಂಡರೆ ಕೈಹಿಡಿದು ಎಳೆಯಬಾರದು, ಕೋಲನ್ನು ಹಿಡಿದು ನಡೆಸಲೂ ಬಾರದು. ಸಹಾಯ ಬೇಕೇ ಎಂದು ಕೇಳಿ, ಬೇಕೆಂದರೆ ನಮ್ಮ ಮೊಣಕೈಯನ್ನು ಕೊಡಬೇಕು. ಅವರು ಅದನ್ನು ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುವರು.

ವಿದ್ಯೆ ದೊರೆತರೆ ಏನಾಗಬಹುದೆಂಬುದಕ್ಕೆ ಗದಗಿನ ವೀರೇಶ್ವರ ಪುಣ್ಯಾಶ್ರಮವೇ ಸಾಕ್ಷಿ. ಅದನ್ನು ಸ್ಥಾಪಿಸಿದ ಪಂಚಾಕ್ಷರಿ ಗವಾಯಿಗಳೂ ಅಂಧರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರಾದರೂ ಸಂಗೀತದಲ್ಲಿ ಪಾರಂಗತರಾಗಿ, ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥಗಳನ್ನು ರಚಿಸಿದರು. ಎಲ್ಲರೂ ಗವಾಯಿಗಳಾಗಬೇಕಾಗಿಲ್ಲ. ಗುಮಾಸ್ತರೋ ಉಪಾಧ್ಯಾಯರೋ ಆಗಿ ತಮ್ಮ ಅನ್ನವನ್ನು ತಾವು ದುಡಿದುಣ್ಣುವುದೂ ಪುರುಷಾರ್ಥವೇ.

೨೦೧೬ರ ಕಾಯಿದೆಯಂತೆ ಇಂತಹ ಮಕ್ಕಳಿಗೆ ೬ರಿಂದ ೧೮ ವರ್ಷದವರೆಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದುವ ಹಕ್ಕುಂಟು. ನಿಮ್ಮ ಬೀದಿಯಲ್ಲಿ ಒಳಕೋಣೆಯಲ್ಲಿ ಕುಳಿತ ಮಗುವೊಂದಿದ್ದರೆ, ಆ ಮನೆಯ ಹಿರಿಯರೊಡನೆ ಹೋಗಿ ಶಾಲೆಯ ಉಪಾಧ್ಯಾಯರನ್ನು ಈ ವಾರವೇ ಕಾಣಿರಿ. ಮಗುವು ಅಕ್ಷರ ಕಲಿತು, ಕೋಲು ಹಿಡಿದು ಬೀದಿಗಿಳಿದ ದಿನ ಪೂರ್ವಿಕರಿತ್ತ ಆ ಹೆಸರು ಅದಕ್ಕೆ ಸಲ್ಲುವುದು.